ಆಸರೆ ಗುಂಪುಗಳು: ಭಾವನೆ ನಿಭಾಯಿಸುವ ಕಲಿಕೆ

ಒಂದೇ ಬಗೆಯ ಸಂಕಟದಲ್ಲಿರುವ ಅಥವಾ ಅದನ್ನು ದಾಟಿ ಬಂದಿರುವ ಜನ ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿ ಸೇರಿ, ಕೋಪ, ಭಯ, ದುಃಖ, ನಾಚಿಕೆ, ಚಟದ ಸೆಳೆತ ಮುಂತಾದವನ್ನು ನಿಭಾಯಿಸುವ ಬಗೆಯನ್ನು ಒಬ್ಬರಿಂದೊಬ್ಬರು ಕಲಿಯುವ ಕೂಟವೇ ಆಸರೆ ಗುಂಪು. ಇದನ್ನು ನಡೆಸುವವರು ಸಾಮಾನ್ಯವಾಗಿ ವೈದ್ಯರಲ್ಲ, ಸದಸ್ಯರೇ. ಹೆಚ್ಚಿನ ಗುಂಪುಗಳಲ್ಲಿ ಶುಲ್ಕವಿಲ್ಲ. ಮದ್ಯವ್ಯಸನ, ಖಿನ್ನತೆ, ತೀವ್ರ ಮನೋರೋಗ, ರೋಗಿಗಳ ಆರೈಕೆಯ ಭಾರ, ಅಂಗವೈಕಲ್ಯ, ಎಚ್‌ಐವಿ, ಅಗಲಿಕೆಯ ದುಃಖ ಇವು ಇಂಥ ಗುಂಪುಗಳು ಹುಟ್ಟಿಕೊಂಡಿರುವ ಮುಖ್ಯ ಸಂದರ್ಭಗಳು.

ಕರ್ನಾಟಕದಲ್ಲಿ ‘ಮನಸ್ಸಿನ ಆರೋಗ್ಯ’ ಎಂಬ ಫಲಕ ಹಾಕಿಕೊಂಡು ನಡೆಯುವ ಗುಂಪುಗಳು ಕಡಿಮೆ. ಇಲ್ಲಿ ಈ ಕಲಿಕೆ ಬೆಳೆದದ್ದು ಬಹುಪಾಲು ಬೇರೆ ಉದ್ದೇಶದ ಸಂಘಗಳ ಒಳಗೆ: ಉಳಿತಾಯದ ಸಂಘ, ಕುಡಿತ ಬಿಟ್ಟವರ ಸಮಿತಿ, ಅಂಗವಿಕಲರ ಒಕ್ಕೂಟ, ಕಾರ್ಮಿಕ ಮಹಿಳೆಯರ ಕೂಟ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕು ಇದಕ್ಕೊಂದು ಒಳ್ಳೆಯ ನಿದರ್ಶನ. ಅದರಲ್ಲೂ ಕೈಗಾರಿಕಾ ಪ್ರದೇಶವಾಗಿ ಬೆಳೆದ ಬಾಶೆಟ್ಟಿಹಳ್ಳಿಯಲ್ಲಿ ಇಂಥ ಗುಂಪುಗಳ ಅಗತ್ಯವೂ ಅವು ಎದುರಿಸುವ ಅಡಚಣೆಗಳೂ ಒಟ್ಟಿಗೇ ಕಾಣಿಸುತ್ತವೆ.

ಪರಿಕಲ್ಪನೆ

ಭಾವನೆಯನ್ನು ನಿಭಾಯಿಸುವುದೆಂದರೆ ಅದನ್ನು ನುಂಗಿಕೊಳ್ಳುವುದಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ನಿಭಾವಣೆಯಲ್ಲಿ ಎರಡು ಬಗೆಗಳನ್ನು ಗುರುತಿಸಿದರು. ಸಂಕಟದ ಮೂಲವನ್ನೇ ಬದಲಿಸಲು ಹೊರಡುವುದು ಒಂದು. ಮೂಲ ಸದ್ಯಕ್ಕೆ ಬದಲಾಗದಿದ್ದಾಗ ಅದರಿಂದ ಎದ್ದ ಭಾವನೆಯನ್ನು ಹತೋಟಿಗೆ ತಂದುಕೊಳ್ಳುವುದು ಇನ್ನೊಂದು. ಸಾಲದ ಕಂತಿಗೆ ಗಡುವು ಕೇಳುವುದು ಮೊದಲನೆಯದು. ಸಾಲ ಕೊಟ್ಟವನು ಬಂದು ಹೋದ ರಾತ್ರಿ ಮಕ್ಕಳ ಮೇಲೆ ಕೈ ಎತ್ತದೆ ಮಲಗುವುದು ಎರಡನೆಯದು. ಬದುಕಿಗೆ ಎರಡೂ ಬೇಕು. ಯಾವ ಹೊತ್ತಿಗೆ ಯಾವುದು ಎಂಬ ವಿವೇಚನೆಯೇ ಈ ಕಲಿಕೆಯ ತಿರುಳು.

ಭಾವನೆಯ ಮೇಲೆ ಐದು ಹಂತಗಳಲ್ಲಿ ಕೆಲಸ ಮಾಡಬಹುದೆಂದು ಮನೋವಿಜ್ಞಾನಿ ಜೇಮ್ಸ್ ಗ್ರಾಸ್ 1998ರಲ್ಲಿ ವಿವರಿಸಿದರು. ಸನ್ನಿವೇಶದಿಂದ ದೂರವಿರುವುದು, ಸನ್ನಿವೇಶವನ್ನೇ ತಿದ್ದುವುದು, ಗಮನವನ್ನು ಬೇರೆಡೆ ಹರಿಸುವುದು, ನಡೆದದ್ದನ್ನು ಬೇರೆ ರೀತಿಯಲ್ಲಿ ಅರ್ಥೈಸಿಕೊಳ್ಳುವುದು, ಕೊನೆಗೆ ಉಕ್ಕಿ ಬಂದ ಭಾವನೆಯನ್ನು ಹೊರಹಾಕುವ ರೀತಿಯನ್ನು ಬದಲಿಸಿಕೊಳ್ಳುವುದು. ಕುಡಿತ ಬಿಟ್ಟವನು ಸಂಬಳದ ದಿನ ಬಾರ್ ಇರುವ ಬೀದಿ ಬಿಟ್ಟು ಬೇರೆ ದಾರಿಯಲ್ಲಿ ಮನೆಗೆ ಹೋಗುವುದು ಮೊದಲ ಹಂತದ್ದು. ಶಾಲೆಯಲ್ಲಿ ಕಲಿಸಬೇಕಾದ ಹತ್ತು ಜೀವನ ಕೌಶಲಗಳನ್ನು ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಪಟ್ಟಿ ಮಾಡಿದಾಗ ಭಾವನೆಗಳ ನಿರ್ವಹಣೆ ಮತ್ತು ಒತ್ತಡದ ನಿರ್ವಹಣೆಗೆ ಅದರಲ್ಲಿ ಎರಡು ಪ್ರತ್ಯೇಕ ಸ್ಥಾನ ಸಿಕ್ಕಿತು. ಬೆಂಗಳೂರಿನ ಮನೋವೈದ್ಯ ಸಂಸ್ಥೆ ನಿಮ್ಹಾನ್ಸ್‌ನ ತಜ್ಞರು ಇದರ ಆಧಾರದ ಮೇಲೆ ಹದಿಹರೆಯದ ವಿದ್ಯಾರ್ಥಿಗಳಿಗೆ ಪಾಠಕ್ರಮ ರೂಪಿಸಿ, ಅದನ್ನು ಕಲಿಸಲು ಶಿಕ್ಷಕರಿಗೆ ತರಬೇತಿ ಕೊಟ್ಟರು.

ಚರಿತ್ರೆ

ಇಂದಿನ ಬಹುತೇಕ ಆಸರೆ ಗುಂಪುಗಳ ನಡಾವಳಿಗೆ ಮಾದರಿಯಾದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ). ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ನಗರದಲ್ಲಿ 1935ರಲ್ಲಿ ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ಶಸ್ತ್ರವೈದ್ಯ ಸೇರಿ ಇದನ್ನು ಆರಂಭಿಸಿದರು. ಇಬ್ಬರೂ ಕುಡಿತದಿಂದ ಕಂಗೆಟ್ಟವರು. ಇನ್ನೊಬ್ಬ ಕುಡುಕನಿಗೆ ನೆರವಾಗಲು ಹೋದಾಗ ತನ್ನ ಸೆಳೆತವೂ ತಗ್ಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಅದರ 12 ಹೆಜ್ಜೆಗಳು 1939ರಲ್ಲಿ ಪುಸ್ತಕರೂಪದಲ್ಲಿ ಬಂದವು. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ 1951ರಲ್ಲಿ ರೂಪುಗೊಂಡಿತು. ಭಾರತದಲ್ಲಿ ಎಎ ಸಭೆಗಳು 1957ರಲ್ಲಿ ದೆಹಲಿಯಲ್ಲಿ ಶುರುವಾದವು. ಬೆಂಗಳೂರಿನಲ್ಲಿ ಚರ್ಚು, ಶಾಲೆಗಳ ಕೊಠಡಿಗಳಲ್ಲಿ ಸಂಜೆ ಹೊತ್ತು ಕನ್ನಡ, ತಮಿಳು, ಇಂಗ್ಲಿಷ್ ಸಭೆಗಳು ನಡೆಯುತ್ತ ಬಂದಿವೆ.

ಮನೋರೋಗದ ಕ್ಷೇತ್ರದಲ್ಲಿ ಷಿಕಾಗೊದ ವೈದ್ಯ ಅಬ್ರಹಾಂ ಲೋ 1937ರಲ್ಲಿ, ಆಸ್ಪತ್ರೆಯಿಂದ ಮನೆಗೆ ಮರಳಿದವರಿಗಾಗಿ ‘ರಿಕವರಿ’ ಎಂಬ ಕೂಟ ಕಟ್ಟಿದರು. ಕಿವಿಯಲ್ಲಿ ಇಲ್ಲದ ದನಿ ಕೇಳುವವರೇ ಸೇರುವ ಗುಂಪುಗಳು ನೆದರ್ಲೆಂಡ್ಸ್‌ನಲ್ಲಿ 1987ರ ಸುಮಾರಿಗೆ ಆರಂಭವಾಗಿ ಹಲವು ದೇಶಗಳಿಗೆ ಹರಡಿದವು. ಆಫ್ರಿಕಾದ ಜಿಂಬಾಬ್ವೆಯಲ್ಲಿ 2006ರಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಅಜ್ಜಿಯರಿಗೆ ತರಬೇತಿ ಕೊಟ್ಟು ಆರೋಗ್ಯ ಕೇಂದ್ರದ ಅಂಗಳದಲ್ಲಿ ‘ಸ್ನೇಹದ ಬೆಂಚು’ ಹಾಕಿಸಿದರು. ಆ ಬೆಂಚಿನ ಮೇಲೆ ಮಾತಾಡಿ ಹಗುರಾದವರು ಆಮೇಲೆ ಗುಂಪಾಗಿ ಸೇರಿ ಚೀಲ ಹೆಣೆಯುತ್ತ ಮಾತು ಮುಂದುವರಿಸುತ್ತಾರೆ.

ಕರ್ನಾಟಕದಲ್ಲಿ

ಹಿನ್ನೆಲೆ. ಆಸ್ಪತ್ರೆಯ ಗೋಡೆಯಾಚೆಗೆ ಮನೋವೈದ್ಯ ಸೇವೆಯನ್ನು ಒಯ್ಯುವ ಪ್ರಯತ್ನದಲ್ಲಿ ಕರ್ನಾಟಕ ಮುಂದಿತ್ತು. ನಿಮ್ಹಾನ್ಸ್ 1970ರ ದಶಕದ ನಡುವಿನಲ್ಲಿ ಬೆಂಗಳೂರು ಸಮೀಪದ ಸಕಲವಾರದಲ್ಲಿ ಸಮುದಾಯ ಮಾನಸಿಕ ಆರೋಗ್ಯ ಘಟಕ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಕಾರ್ಯಕರ್ತರಿಗೆ ತರಬೇತಿ ಕೊಟ್ಟು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಈ ಮಾದರಿಯಿಂದ ಔಷಧಿ ಊರ ಹತ್ತಿರ ಬಂತು. ಆದರೆ ಮನೆಗೆ ಮರಳಿದವರ ದಿನನಿತ್ಯದ ಬದುಕು, ಮನೆಯವರ ದಣಿವು, ಊರಿನವರ ಕಣ್ಣು ಇವುಗಳಿಗೆ ಬೇರೆ ಏರ್ಪಾಟು ಬೇಕಾಯಿತು.

ಸ್ವಸಹಾಯ ಸಂಘಗಳು. ಆ ಏರ್ಪಾಟಿಗೆ ನೆಲೆ ಒದಗಿಸಿದ್ದು ಹಣದ ಸಂಘಗಳು. ಮೈರಾಡ ಸಂಸ್ಥೆ 1980ರ ದಶಕದ ನಡುವಿನಲ್ಲಿ, ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದಾಗ ಪರಸ್ಪರ ನಂಬಿಕೆಯುಳ್ಳ ಸಣ್ಣ ಗುಂಪುಗಳನ್ನು ಬೆಳೆಸಿತು. ನಬಾರ್ಡ್ 1992ರಲ್ಲಿ ಇಂಥ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಕೈಗೊಂಡಿತು. ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂತು. ವಾರಕ್ಕೊಮ್ಮೆ ಚಾಪೆ ಹಾಸಿ ಸುತ್ತ ಕೂರುವುದು, ಪುಸ್ತಕ ಬರೆಯುವುದು, ಸರದಿಯಂತೆ ಮಾತಾಡುವುದು, ಬಾರದವರ ಮನೆಗೆ ಹೋಗಿ ವಿಚಾರಿಸುವುದು, ಈ ರೂಢಿಗಳೆಲ್ಲ ಹೀಗೆ ಊರೂರಿಗೆ ತಲುಪಿದವು. ಕಂತು ಕಟ್ಟಲಾಗದ ಸದಸ್ಯೆ ಏಕೆ ಕಟ್ಟಲಾಗಲಿಲ್ಲ ಎಂದು ಹೇಳುವಾಗ ಗಂಡನ ಕುಡಿತ, ಮಗಳ ಕಾಯಿಲೆ, ತನ್ನ ನಿದ್ದೆಗೇಡು ಎಲ್ಲ ಸಭೆಗೆ ಬರುತ್ತದೆ. ಹಣದ ಲೆಕ್ಕಕ್ಕೆಂದು ಕೂತ ಸಂಘ ಆ ಗಳಿಗೆಯಲ್ಲಿ ಆಸರೆ ಗುಂಪಾಗುತ್ತದೆ. ಅದೇ ಸಂಘ ಸಾಲ ವಸೂಲಿಯ ಒತ್ತಡಕ್ಕೂ ಕಾರಣವಾಗಬಹುದು ಎಂಬುದು ಈ ವ್ಯವಸ್ಥೆಯ ಒಳವೈರುಧ್ಯ.

ನವಜೀವನ ಸಮಿತಿಗಳು. ರಾಜ್ಯದಲ್ಲಿ ಅತ್ಯಂತ ವ್ಯಾಪಕವಾಗಿ ಹರಡಿರುವ ದೇಸಿ ಮಾದರಿಯಿದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯನ್ನು ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭಿಸಿದರು. ಅದರ ಆಶ್ರಯದ ಜನಜಾಗೃತಿ ವೇದಿಕೆ ಊರುಗಳ ಕಲ್ಯಾಣ ಮಂಟಪ, ಶಾಲೆ, ಸಮುದಾಯ ಭವನಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತ ಬಂದಿದೆ. ಶಿಬಿರಗಳ ಸಂಖ್ಯೆ ಸಾವಿರ ದಾಟಿದೆ. ಊರಿನವರೇ ವ್ಯವಸ್ಥಾಪನಾ ಸಮಿತಿ ಮಾಡಿಕೊಂಡು ಊಟ, ವಸತಿ ಹೊಂದಿಸುತ್ತಾರೆ. ಶಿಬಿರಾರ್ಥಿಗಳು ಸುಮಾರು ಎಂಟು ದಿನ ಅಲ್ಲೇ ಉಳಿದು ವ್ಯಾಯಾಮ, ಭಜನೆ, ಆಪ್ತಸಲಹೆ, ಗುಂಪು ಚರ್ಚೆಗಳಲ್ಲಿ ತೊಡಗುತ್ತಾರೆ. ಮನೆಯವರು ಬಂದು ಎದುರು ಕೂರುವ ದಿನವೂ ಇರುತ್ತದೆ. ಶಿಬಿರ ಮುಗಿಸಿದವರು ತಮ್ಮ ಊರಿನ ನವಜೀವನ ಸಮಿತಿಗೆ ಸೇರಿ ನಿಯಮಿತವಾಗಿ ಸಭೆ ಸೇರುತ್ತಾರೆ. ಕುಡಿಯದೆ ನೂರು ದಿನ ಕಳೆದದ್ದನ್ನು ಶತದಿನೋತ್ಸವವಾಗಿ ಆಚರಿಸುವ ರೂಢಿಯಿದೆ. ಮುಂದಿನ ಶಿಬಿರದಲ್ಲಿ ಹಳಬರು ಸ್ವಯಂಸೇವಕರಾಗಿ ನಿಂತು ಹೊಸಬರ ನಡುಕ, ಬೆವರು, ನಿದ್ದೆಯಿಲ್ಲದ ರಾತ್ರಿಗಳಲ್ಲಿ ಜೊತೆಗಿರುತ್ತಾರೆ. ಎಎ ತನ್ನ ಸದಸ್ಯರ ಗುರುತನ್ನು ಗುಟ್ಟಾಗಿಡುತ್ತದೆ. ನವಜೀವನ ಸಮಿತಿಯಲ್ಲಿ ಬಿಟ್ಟ ಸಂಗತಿಯನ್ನು ಊರೆದುರು ಸಾರಲಾಗುತ್ತದೆ. ಹಳ್ಳಿಯಲ್ಲಿ ಕುಡಿತ ಹೇಗೂ ಗುಟ್ಟಲ್ಲದ ಕಾರಣ, ಊರಿಗೆ ಕೊಟ್ಟ ಮಾತೇ ಇಲ್ಲಿ ಊರುಗೋಲು. ಆದರೆ ಮತ್ತೆ ಜಾರಿದವನಿಗೆ ಅವಮಾನವೂ ಅಷ್ಟೇ ದೊಡ್ಡದು.

ಬೇಸಿಕ್ ನೀಡ್ಸ್ ಮತ್ತು ದೊಡ್ಡಬಳ್ಳಾಪುರ. ತೀವ್ರ ಮನೋರೋಗ ಇರುವವರನ್ನೇ ಸಂಘಟಿಸುವ ಕೆಲಸಕ್ಕೆ ತಳಹದಿ ಹಾಕಿದ್ದು ಬೇಸಿಕ್ ನೀಡ್ಸ್. ಕ್ರಿಸ್ ಅಂಡರ್‌ಹಿಲ್ 1999ರಲ್ಲಿ ಬ್ರಿಟನ್ನಿನಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಕೆಲಸ ಮೊದಲು ನೆಲೆಯೂರಿದ್ದು ದಕ್ಷಿಣ ಭಾರತದಲ್ಲಿ, ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು. ಅದು ಹೊಸ ಆಸ್ಪತ್ರೆ ತೆರೆಯಲಿಲ್ಲ; ಆಗಲೇ ಹಳ್ಳಿಗಳಲ್ಲಿ ಅಂಗವಿಕಲರ ನಡುವೆ ಓಡಾಡುತ್ತಿದ್ದ ಸಂಸ್ಥೆಗಳ ಜೊತೆ ಕೈಜೋಡಿಸಿತು. ದೊಡ್ಡಬಳ್ಳಾಪುರದ ಗ್ರಾಮೀಣ ಅಭ್ಯುದಯ ಸೇವಾ ಸಂಸ್ಥೆ ಹೀಗೆ ಜೊತೆಗೂಡಿದ ಸಂಸ್ಥೆಗಳಲ್ಲೊಂದು. ಕೆಲಸ ಶುರುವಾದದ್ದು ಕೇಳಿಸಿಕೊಳ್ಳುವ ಸಭೆಗಳಿಂದ: ರೋಗವಿದ್ದವರು ಮತ್ತು ಅವರನ್ನು ನೋಡಿಕೊಳ್ಳುವವರು ತಮ್ಮ ಬದುಕನ್ನು ತಾವೇ ಹೇಳಿದರು. ಚಿಕಿತ್ಸೆ ಮೊದಲು, ಅದರ ಬೆನ್ನಿಗೇ ದುಡಿಮೆ, ಜೊತೆಜೊತೆಗೆ ಸಂಘ ಎಂಬುದು ಈ ಮಾದರಿಯ ಕ್ರಮ. ಕುರಿ ಸಾಕಣೆಗೋ ಪುಟ್ಟ ಅಂಗಡಿಗೋ ಸಾಲ ಪಡೆಯುವುದು, ಅಂಗವಿಕಲರ ಪ್ರಮಾಣಪತ್ರ ಮತ್ತು ಮಾಸಾಶನಕ್ಕೆ ಅರ್ಜಿ ಹಾಕುವುದು, ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧಿ ಮುಗಿದಾಗ ಒಟ್ಟಾಗಿ ಕೇಳುವುದು ಸಂಘದ ಕಾರ್ಯಸೂಚಿಯಾಯಿತು. ಕಚೇರಿಯ ಮೇಜಿನ ಮುಂದೆ ಗುಂಪಾಗಿ ನಿಂತು ಮಾತಾಡಿದವರಿಗೆ ಮನೆಯಲ್ಲೂ ದನಿ ಬರುತ್ತದೆ; ಭಾವನಿರ್ವಹಣೆಯ ಪಾಠ ಇಲ್ಲಿ ಹಕ್ಕಿನ ಕೇಳಿಕೆಯೊಳಗೇ ಅಡಗಿದೆ.

ಇತರ ಪ್ರಯತ್ನಗಳು. ಮನೋರೋಗಿಗಳ ಕುಟುಂಬದವರಿಗಾಗಿ ಬೆಂಗಳೂರಿನಲ್ಲಿ ‘ಅಮೆಂಡ್’ ಎಂಬ ಗುಂಪನ್ನು ಕುಟುಂಬದವರೇ ಕಟ್ಟಿಕೊಂಡರು. ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳ ಪೋಷಕ ಸಂಘಗಳ ರಾಷ್ಟ್ರೀಯ ಒಕ್ಕೂಟ ‘ಪರಿವಾರ್’ 1995ರಲ್ಲಿ ರಚನೆಯಾಯಿತು. ನಮ್ಮ ನಂತರ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಪೋಷಕರ ಆತಂಕ ಇಂಥ ಸಂಘಗಳ ಸಭೆಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ. ಮೈಸೂರಿನ ಆಶೋದಯ ಸಮಿತಿಯಲ್ಲಿ ಲೈಂಗಿಕ ಕಾರ್ಯಕರ್ತೆಯರೇ ತಮ್ಮವರಿಗೆ ಆಸರೆಯಾದರು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು 2002ರಲ್ಲಿ ಮುಗಳೂರಿನಲ್ಲಿ ಆರಂಭಿಸಿದ ‘ಮಾನಸಿ’ ಚಿಕಿತ್ಸಾಲಯವು ಗ್ರಾಮೀಣ ಮಹಿಳೆಯರ ಮನೆಬಾಗಿಲಿಗೆ ಅದೇ ಪರಿಸರದ ಕಾರ್ಯಕರ್ತೆಯರನ್ನು ಕಳಿಸಿತು. ದಾವಣಗೆರೆ ಜಿಲ್ಲೆಯಲ್ಲಿ ಲಿವ್ ಲವ್ ಲಾಫ್ ಪ್ರತಿಷ್ಠಾನ ಮತ್ತು ಅಂಗವಿಕಲರ ಸಂಸ್ಥೆ ಎಪಿಡಿ 2016ರಿಂದ ಚಿಕಿತ್ಸೆಯ ಜೊತೆಗೆ ಆರೈಕೆದಾರರ ಗುಂಪುಗಳನ್ನೂ ಬೆಳೆಸಿದವು. ಯುವಜನರಿಗಾಗಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಜೊತೆಗೂಡಿ ರೂಪಿಸಿದ ‘ಯುವ ಸ್ಪಂದನ’ದಲ್ಲಿ ಯುವ ಪರಿವರ್ತಕರೆಂದು ಕರೆಯುವ ತರಬೇತಾದ ಯುವಕ ಯುವತಿಯರೇ ತಮ್ಮ ವಯಸ್ಸಿನವರ ಮಾತಿಗೆ ಕಿವಿಯಾಗುತ್ತಾರೆ.

ಸಭೆಯ ಸ್ವರೂಪ

ಗುಂಪಿನ ಹೆಸರು ಏನೇ ಇರಲಿ, ಸಭೆಯ ಚೌಕಟ್ಟು ಹೆಚ್ಚು ಬದಲಾಗುವುದಿಲ್ಲ. ಎಂಟರಿಂದ ಹದಿನೈದು ಜನ ಸುತ್ತ ಕೂರುತ್ತಾರೆ. ಮೊದಲು ನಿಯಮಗಳ ನೆನಪು: ಇಲ್ಲಿ ಆಡಿದ್ದು ಇಲ್ಲೇ ಉಳಿಯಬೇಕು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು, ಕೇಳದೆ ಬುದ್ಧಿ ಹೇಳಬಾರದು, ಯಾರನ್ನೂ ಮಾತಾಡಲು ಒತ್ತಾಯಿಸಬಾರದು. ಆಮೇಲೆ ಸರದಿ. ಕಳೆದ ಸಭೆಯಿಂದ ಈಚೆಗೆ ಏನಾಯಿತು, ಯಾವುದು ಕಷ್ಟವಾಯಿತು, ಆಗ ಏನು ಮಾಡಿದೆ ಎಂದು ಒಬ್ಬೊಬ್ಬರೂ ಹೇಳುತ್ತಾರೆ. ಕೌಶಲ ಕಲಿಸುವ ಗುಂಪಾದರೆ ನಡುವೆ ಅರ್ಧ ಗಂಟೆ ಒಂದು ವಿಷಯದ ಅಭ್ಯಾಸವಿರುತ್ತದೆ. ಮುಂದಿನ ಸಭೆಯವರೆಗೆ ಮಾಡಿ ನೋಡಬೇಕಾದ ಸಣ್ಣದೊಂದು ಕೆಲಸವನ್ನು ಪ್ರತಿಯೊಬ್ಬರೂ ಆರಿಸಿಕೊಂಡ ಮೇಲೆ ಸಭೆ ಮುಗಿಯುತ್ತದೆ. ಚಹಾದ ಹೊತ್ತಿನಲ್ಲಿ ನಡೆಯುವ ಬಿಡಿಮಾತಿಗೂ ಸಭೆಯಷ್ಟೇ ತೂಕವಿದೆ. ಸುತ್ತಿನಲ್ಲಿ ಬಾಯಿ ಬಿಡದವರು ಮಾತು ಶುರು ಮಾಡುವುದು ಹೆಚ್ಚಾಗಿ ಅಲ್ಲಿಯೇ.

ಸಭೆ ನಡೆಸುವವರ ಕೆಲಸ ಉತ್ತರ ಕೊಡುವುದಲ್ಲ. ಹೊತ್ತು ನೋಡಿಕೊಳ್ಳುವುದು, ಒಬ್ಬರೇ ಮಾತು ಹಿಡಿದುಕೊಂಡಾಗ ನಯವಾಗಿ ತಡೆಯುವುದು, ಮೂಲೆಯಲ್ಲಿ ಸುಮ್ಮನೆ ಕೂತವರನ್ನು ಗಮನಿಸುವುದು, ಅಪಾಯದ ಸುಳಿವು ಸಿಕ್ಕಿದಾಗ ಆಸ್ಪತ್ರೆಗೆ ದಾರಿ ತೋರುವುದು ಅವರ ಹೊಣೆ. ಸಾಧ್ಯವಾದಲ್ಲೆಲ್ಲ ಈ ಹೊಣೆ ಸರದಿಯಂತೆ ಕೈ ಬದಲಾಗುತ್ತದೆ.

ಕಲಿಯುವ ಕೌಶಲಗಳು

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ ‘ಪ್ರಾಬ್ಲಂ ಮ್ಯಾನೇಜ್‌ಮೆಂಟ್ ಪ್ಲಸ್’ ಎಂಬ ಐದು ಭೇಟಿಗಳ ಕೈಪಿಡಿಯನ್ನು ಮನೋತಜ್ಞರಲ್ಲದವರೂ ಬಳಸಬಹುದು. ಅದರ ಗುಂಪು ಆವೃತ್ತಿ 2020ರಲ್ಲಿ ಬಂತು. ಅದರಲ್ಲಿರುವ ನಾಲ್ಕು ಅಭ್ಯಾಸಗಳು ಬೇರೆ ಬೇರೆ ಗುಂಪುಗಳಲ್ಲೂ ಹೆಚ್ಚುಕಡಿಮೆ ಇದೇ ರೂಪದಲ್ಲಿ ಕಾಣುತ್ತವೆ.

ಮೊದಲನೆಯದು ನಿಧಾನ ಉಸಿರಾಟ. ಹೊಟ್ಟೆ ಉಬ್ಬುವಂತೆ ಉಸಿರೆಳೆದುಕೊಂಡು ನಿಧಾನವಾಗಿ ಬಿಟ್ಟಾಗ ಎದೆಬಡಿತ ತಗ್ಗುತ್ತದೆ. ಸಂಕಟದ ಹೊತ್ತಿನಲ್ಲಿ ಇದು ಒದಗಬೇಕಾದರೆ ಸಮಾಧಾನವಾಗಿರುವಾಗ ದಿನವೂ ಅಭ್ಯಾಸ ಮಾಡಿರಬೇಕು. ಎರಡನೆಯದು ಸಮಸ್ಯೆಯನ್ನು ಬಿಡಿಸುವುದು. ಕೈಗೆ ಸಿಗುವ ಒಂದು ಸಮಸ್ಯೆ ಆರಿಸಿಕೊಂಡು, ಸಾಧ್ಯವಿರುವ ದಾರಿಗಳನ್ನೆಲ್ಲ ಪಟ್ಟಿ ಮಾಡಿ, ಒಂದನ್ನು ಹಿಡಿದು, ಯಾವ ದಿನ ಯಾರ ನೆರವಿನಿಂದ ಮಾಡುವುದೆಂದು ಗೊತ್ತು ಮಾಡಿಕೊಳ್ಳುವುದು. ಮೂರನೆಯದು ಚಟುವಟಿಕೆ. ಖಿನ್ನತೆಯಲ್ಲಿ ಮನಸ್ಸು ಬಂದ ಮೇಲೆ ಕೆಲಸ ಮಾಡೋಣವೆಂದು ಕಾದರೆ ಮನಸ್ಸು ಬರುವುದೇ ಇಲ್ಲ. ಸ್ನಾನ, ತಲೆ ಬಾಚುವುದು, ಹೂ ತರುವುದು, ಪಕ್ಕದ ಮನೆಗೆ ಹೋಗಿ ಬರುವುದು ಇಂಥ ಸಣ್ಣ ಕೆಲಸ ಮೊದಲು ಶುರುವಾದರೆ ಉತ್ಸಾಹ ಅದರ ಹಿಂದೆ ಬರುತ್ತದೆ. ನಾಲ್ಕನೆಯದು ಜನಬಳಕೆ: ಯಾರ ಬಳಿ ಏನು ಕೇಳಬಹುದು, ಹೇಗೆ ಕೇಳುವುದು.

ಇವಲ್ಲದೆ ಆಯಾ ಗುಂಪಿನದೇ ವಿಶೇಷ ಪಾಠಗಳಿರುತ್ತವೆ. ಚಟ ಬಿಟ್ಟವರ ಗುಂಪುಗಳಲ್ಲಿ ಹಸಿವು, ಸಿಟ್ಟು, ಒಂಟಿತನ, ದಣಿವು ಇವು ನಾಲ್ಕೂ ಸೆಳೆತದ ಮುನ್ಸೂಚನೆಗಳೆಂದು ಕಲಿಸಲಾಗುತ್ತದೆ. ಇಡೀ ಬದುಕಿಗೆ ಪ್ರತಿಜ್ಞೆ ಮಾಡುವ ಬದಲು ಇವತ್ತೊಂದು ದಿನ ಕುಡಿಯುವುದಿಲ್ಲ ಎಂಬ ಎಎ ಸೂತ್ರ ಗುರಿಯನ್ನು ಕೈಗೆಟುಕುವಷ್ಟಕ್ಕೆ ಇಳಿಸುತ್ತದೆ. ಆರೈಕೆದಾರರ ಗುಂಪಿನಲ್ಲಿ ಕಲಿಯುವುದು ರೋಗದ ವರ್ತನೆಯನ್ನೂ ವ್ಯಕ್ತಿಯ ಸ್ವಭಾವವನ್ನೂ ಬೇರೆ ಮಾಡಿ ನೋಡುವುದನ್ನು. ಮಗ ಎದ್ದು ಕೆಲಸಕ್ಕೆ ಹೋಗದಿರುವುದು ಸೋಮಾರಿತನವಲ್ಲ ಎಂದು ಗೊತ್ತಾದ ಮೇಲೆ ಮನೆಯಲ್ಲಿ ಬೈಗುಳ ಕಡಿಮೆಯಾಗುತ್ತದೆ. ತೀವ್ರ ಮನೋರೋಗದವರ ಗುಂಪಿನಲ್ಲಿ ರೋಗ ಮರುಕಳಿಸುವ ಮೊದಲ ಲಕ್ಷಣಗಳನ್ನು, ಅಂದರೆ ನಿದ್ದೆ ತಪ್ಪುವುದು, ಜನರನ್ನು ಅನುಮಾನಿಸುವುದು, ಮಾತ್ರೆ ಬೇಡವೆನಿಸುವುದು ಮುಂತಾದವನ್ನು ಗುರುತಿಸಿ ಆಗ ಯಾರಿಗೆ ಹೇಳಬೇಕೆಂದು ಮೊದಲೇ ನಿಶ್ಚಯಿಸಿಕೊಳ್ಳುತ್ತಾರೆ.

ಕಲಿಕೆ ನಡೆಯುವ ಬಗೆ

ಮನೋವೈದ್ಯ ಇರ್ವಿನ್ ಯಾಲೊಮ್ 1970ರಲ್ಲಿ ಪ್ರಕಟಿಸಿದ ಗುಂಪು ಚಿಕಿತ್ಸೆಯ ಗ್ರಂಥದಲ್ಲಿ ಗುಂಪಿನಲ್ಲಿ ಗುಣ ಕಾಣಲು ಕಾರಣವಾಗುವ ಅಂಶಗಳನ್ನು ಚರ್ಚಿಸಿದರು. ನನ್ನೊಬ್ಬನಿಗೇ ಹೀಗಲ್ಲ ಎಂಬ ಅರಿವು, ಗುಣವಾದವರನ್ನು ಕಣ್ಣಾರೆ ಕಂಡು ಹುಟ್ಟುವ ಭರವಸೆ, ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದೆನೆಂಬ ತೃಪ್ತಿ, ಪರರ ನಡೆಯನ್ನು ನೋಡಿ ಅನುಸರಿಸುವುದು ಅವುಗಳಲ್ಲಿ ಮುಖ್ಯ. ನೆರವು ಕೊಡುವವನಿಗೇ ನೆರವು ಹೆಚ್ಚು ದಕ್ಕುತ್ತದೆ ಎಂಬ ತತ್ವವನ್ನು ಫ್ರಾಂಕ್ ರೀಸ್‌ಮನ್ 1965ರಲ್ಲಿ ಮಂಡಿಸಿದ್ದರು. ತನ್ನಂಥವರು ಒಂದು ಕೆಲಸ ಮಾಡಿದ್ದನ್ನು ನೋಡಿದಾಗ ‘ನನ್ನಿಂದಲೂ ಆಗುತ್ತದೆ’ ಎಂಬ ನಂಬಿಕೆ ಬಲಗೊಳ್ಳುತ್ತದೆಂದು ಆಲ್ಬರ್ಟ್ ಬಂಡೂರ 1977ರಲ್ಲಿ ವಾದಿಸಿದರು.

‘ತನ್ನಂಥವರು’ ಎಂಬುದೇ ಇಲ್ಲಿ ನಿರ್ಣಾಯಕ. ಸಿಟ್ಟು ಬಂದಾಗ ಸ್ವಲ್ಪ ಹೊತ್ತು ಹೊರಗೆ ಓಡಾಡಿ ಬನ್ನಿ ಎಂದು ಆಸ್ಪತ್ರೆಯಲ್ಲಿ ಹೇಳಿದರೆ, ರಾತ್ರಿ ಒಂಬತ್ತಕ್ಕೆ ಬಾಡಿಗೆ ಕೋಣೆಯಿಂದ ಹೊರಗೆ ಹೋಗಲಾಗದ ಹೆಣ್ಣುಮಗಳಿಗೆ ಆ ಸಲಹೆ ಉಪಯೋಗವಿಲ್ಲ. ಅದೇ ವಠಾರದ ಇನ್ನೊಬ್ಬಳು ‘ಅಕ್ಕಾ, ನಾನು ಆಗ ನೀರು ಹಿಡಿಯೋಕೆ ನಿಲ್ತೀನಿ, ಕೊಡ ತುಂಬೋ ಹೊತ್ತಿಗೆ ಅರ್ಧ ಸಿಟ್ಟು ಇಳಿದಿರುತ್ತೆ’ ಎಂದರೆ ಅದು ಮಾಡಿ ನೋಡಬಹುದಾದ ಉಪಾಯ. ತಜ್ಞರು ಕೊಡುವ ತತ್ವವನ್ನು ಗುಂಪು ಹೀಗೆ ತನ್ನ ಅಂಗಳದ ಅಳತೆಗೆ ಕತ್ತರಿಸಿ ಹೊಲಿದುಕೊಳ್ಳುತ್ತದೆ.

ಬಾಶೆಟ್ಟಿಹಳ್ಳಿ: ಅಗತ್ಯ ಮತ್ತು ಅಡಚಣೆ

ದೊಡ್ಡಬಳ್ಳಾಪುರಕ್ಕೆ ಹೊಂದಿಕೊಂಡಂತೆ, ಬೆಂಗಳೂರಿನ ದಾರಿಯಲ್ಲಿರುವ ಬಾಶೆಟ್ಟಿಹಳ್ಳಿ ಒಂದು ಕಾಲದಲ್ಲಿ ಬೇಸಾಯದ ಹಳ್ಳಿ. ಕೈಗಾರಿಕಾ ಪ್ರದೇಶ ಬಂದ ಮೇಲೆ, ಸಮೀಪದಲ್ಲೇ ಸಿದ್ಧ ಉಡುಪುಗಳ ಅಪೆರಲ್ ಪಾರ್ಕ್ ತಲೆಯೆತ್ತಿದ ಮೇಲೆ ಜನವಸತಿ ಬೆಳೆದು, ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿಯಾಯಿತು. ಗಾರ್ಮೆಂಟ್ಸ್‌ಗೆ ಬರುವವರಲ್ಲಿ ಮಹಿಳೆಯರೇ ಹೆಚ್ಚು. ಸುತ್ತಲ ಹಳ್ಳಿಗಳವರಲ್ಲದೆ ಉತ್ತರ ಕರ್ನಾಟಕ ಮತ್ತು ಹೊರ ರಾಜ್ಯಗಳಿಂದ ಬಂದವರೂ ಸಾಲು ಕೋಣೆಗಳಲ್ಲಿ ಬಾಡಿಗೆಗೆ ಇರುತ್ತಾರೆ. ಪಕ್ಕದ ದೊಡ್ಡಬಳ್ಳಾಪುರ ಪಟ್ಟಣ ಸಾವಿರಾರು ವಿದ್ಯುತ್ ಮಗ್ಗಗಳ ಊರು. ನೂಲಿನ ದರ ಏರಿದಾಗ, ಸೀರೆಗೆ ಬೇಡಿಕೆ ಇಳಿದಾಗ, ಕೊರೊನಾ ಕಾಲದಲ್ಲಾದಂತೆ ಮಗ್ಗ ನಿಂತಾಗ ನೇಕಾರರ ಮನೆಗಳ ಸಂಕಟ ಬೀದಿಗೆ ಬರುತ್ತದೆ.

ಇಲ್ಲಿಯ ಒತ್ತಡಗಳಿಗೆ ತಮ್ಮದೇ ಸ್ವರೂಪವಿದೆ. ಗಾರ್ಮೆಂಟ್ಸ್‌ನಲ್ಲಿ ಗಂಟೆಗಿಷ್ಟು ತುಂಡು ಎಂಬ ಟಾರ್ಗೆಟ್, ಲೈನಿನಲ್ಲಿ ಎಲ್ಲರೆದುರು ಕೇಳಬೇಕಾದ ಬೈಗುಳ, ಮನೆಗೆ ಬಂದ ಮೇಲೆ ಎರಡನೆಯ ದುಡಿಮೆ, ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದ ಮಗುವಿನ ನೆನಪು, ವಾರದ ಫೈನಾನ್ಸ್ ಕಂತು. ಇದನ್ನು ಯಾರೂ ಖಿನ್ನತೆ, ಆತಂಕ ಎಂದು ಹೇಳಿಕೊಂಡು ಬರುವುದಿಲ್ಲ. ತಲೆನೋವು, ಸೊಂಟನೋವು, ಎದೆ ಡವಡವ, ನಿದ್ದೆ ಹತ್ತುತ್ತಿಲ್ಲ, ಟೆನ್ಷನ್ ಎಂದು ಔಷಧಿ ಅಂಗಡಿಗೆ ಹೋಗುತ್ತಾರೆ.

ಇಂಥ ಕಡೆ ಗುಂಪು ಕಟ್ಟುವುದಕ್ಕೆ ಮೊದಲ ತೊಡಕು ಹೊತ್ತು. ವಾರದ ಆರು ದಿನ ಕಾರ್ಖಾನೆಗೆ ಹೋದವರಿಗೆ ಭಾನುವಾರ ಬಟ್ಟೆ ಒಗೆಯುವ, ರೇಷನ್ ತರುವ ದಿನ. ಪಾಳಿ ಕೆಲಸದವರಿಗೆ ಒಂದೇ ಹೊತ್ತು ಹೊಂದುವುದಿಲ್ಲ. ಎರಡನೆಯದು ಅಸ್ಥಿರತೆ. ಕೆಲಸ ಬದಲಾದರೆ ಕೋಣೆ ಬದಲಾಗುತ್ತದೆ, ಗುಂಪು ಚದುರುತ್ತದೆ. ಮೂರನೆಯದು ಭಾಷೆ. ಒಂದೇ ಸಾಲಿನಲ್ಲಿ ಕನ್ನಡ, ತೆಲುಗು, ಹಿಂದಿ, ಒಡಿಯಾ ಮಾತಾಡುವವರಿದ್ದಾಗ ಲೆಕ್ಕಾಚಾರದ ಮಾತು ಹೇಗೋ ಸಾಗುತ್ತದೆ, ಮನಸ್ಸಿನ ಮಾತಿಗೆ ತಾಯ್ನುಡಿಯೇ ಬೇಕು. ನಾಲ್ಕನೆಯದು ಗುಟ್ಟು. ಗುಂಪಿನಲ್ಲಿ ಸೂಪರ್‌ವೈಸರ್‌ನ ನೆಂಟರೋ ಮನೆ ಮಾಲೀಕರ ಸೊಸೆಯೋ ಇದ್ದರೆ ಬಾಯಿ ಕಟ್ಟುತ್ತದೆ.

ಕಾರ್ಖಾನೆಯೊಳಗೇ ಕಲಿಕೆಗೆ ಹೊತ್ತು ಮಾಡಿಕೊಟ್ಟ ಒಂದು ಪ್ರಯೋಗ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ನಡೆದಿದೆ. ಉಡುಪು ಮಾರುವ ಗ್ಯಾಪ್ ಕಂಪನಿಯ ‘ಪೇಸ್’ ಎಂಬ ಕಾರ್ಯಕ್ರಮವನ್ನು ಶಾಹಿ ಎಕ್ಸ್‌ಪೋರ್ಟ್ಸ್‌ನ ಐದು ಘಟಕಗಳಲ್ಲಿ ಅರ್ಥಶಾಸ್ತ್ರಜ್ಞರು ಚೀಟಿ ಎತ್ತುವ ಕ್ರಮದಲ್ಲಿ ಕೆಲಸಗಾರ್ತಿಯರನ್ನು ಆರಿಸಿ ಪರೀಕ್ಷಿಸಿದರು. ವಾರಕ್ಕೆ ಎರಡು ಗಂಟೆಯಂತೆ ಒಟ್ಟು ಸುಮಾರು 80 ಗಂಟೆ ಸಂವಹನ, ಸಮಸ್ಯೆ ಪರಿಹಾರ, ಸಮಯ ಮತ್ತು ಒತ್ತಡದ ನಿರ್ವಹಣೆ, ಆರೋಗ್ಯ, ಹಣಕಾಸುಗಳ ಪಾಠ ಗುಂಪಿನಲ್ಲಿ ನಡೆಯಿತು. ಕಲಿತವರ ಉತ್ಪಾದಕತೆ ಏರಿತು, ಕಂಪನಿಗೆ ಖರ್ಚು ಮಾಡಿದ್ದಕ್ಕಿಂತ ಹೆಚ್ಚು ಹಣ ಹಿಂದಿರುಗಿತು. ತರಬೇತಿ ಆಡಳಿತ ವರ್ಗದ್ದು, ಗುಂಪು ಕೆಲಸಗಾರರದಲ್ಲ ಎಂಬ ಕಾರಣಕ್ಕೆ ಇದು ಪೂರ್ಣ ಅರ್ಥದ ಆಸರೆ ಗುಂಪಲ್ಲ. ಆದರೆ ಕೆಲಸದ ಹೊತ್ತಿನಲ್ಲೇ ಜಾಗ ಮಾಡಿಕೊಟ್ಟರೆ ಈ ಕಲಿಕೆ ಸಾಧ್ಯ ಎಂಬುದನ್ನು ಅದು ತೋರಿಸಿತು. ಇನ್ನೊಂದು ತುದಿಯಲ್ಲಿ, ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರ ‘ಮುನ್ನಡೆ’ಯಂಥ ಸಂಘಟನೆಗಳಲ್ಲಿ ಕಷ್ಟ ಹಂಚಿಕೊಳ್ಳುವುದೂ ಹಕ್ಕಿಗಾಗಿ ನಿಲ್ಲುವುದೂ ಒಂದೇ ಕೂಟದಲ್ಲಿ ನಡೆಯುತ್ತವೆ.

ಪುರಾವೆ

ಅತ್ಯಂತ ಬಲವಾದ ಪುರಾವೆ ಇರುವುದು ಮದ್ಯವ್ಯಸನದ ಗುಂಪುಗಳಿಗೆ. ಕಾಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವಿಮರ್ಶೆ 10,565 ಜನರನ್ನು ಒಳಗೊಂಡ 27 ಅಧ್ಯಯನಗಳನ್ನು ಪರಿಶೀಲಿಸಿತು. ಎಎಗೆ ಜೋಡಿಸುವ ವ್ಯವಸ್ಥಿತ ಕಾರ್ಯಕ್ರಮಗಳು ಸತತ ಮದ್ಯತ್ಯಾಗದ ವಿಷಯದಲ್ಲಿ ಇತರ ಮನೋಚಿಕಿತ್ಸೆಗಳಿಗಿಂತ ಮೇಲೆಂದು ಅದು ಕಂಡುಕೊಂಡಿತು. ತೀವ್ರ ಮನೋರೋಗದ ವಿಷಯದಲ್ಲಿ ಫಲ ಇಷ್ಟು ಸ್ಪಷ್ಟವಿಲ್ಲ. ಬ್ರಿಟನ್ನಿನ ಸಂಶೋಧಕರು 2014ರಲ್ಲಿ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಭರವಸೆ, ಚೇತರಿಕೆಯ ಭಾವ, ಸ್ವಾಧಿಕಾರ ಇವುಗಳಲ್ಲಿ ಒಂದಿಷ್ಟು ಸುಧಾರಣೆ ಕಂಡಿತು. ಆಸ್ಪತ್ರೆ ಸೇರುವುದು ಕಡಿಮೆಯಾದದ್ದಕ್ಕೆ ಪುರಾವೆ ಸಿಗಲಿಲ್ಲ. ಜಿಂಬಾಬ್ವೆಯ ಬೆಂಚಿನ ಪ್ರಯೋಗದಲ್ಲಿ ಭಾಗಿಗಳಾದ 573 ಜನರ ಅಧ್ಯಯನ 2016ರಲ್ಲಿ ಪ್ರಕಟವಾಗಿ, ಆರು ತಿಂಗಳ ನಂತರವೂ ಲಕ್ಷಣಗಳು ತಗ್ಗಿದ್ದನ್ನು ದಾಖಲಿಸಿತು. ಗೋವಾದಲ್ಲಿ ಖಿನ್ನತೆಯಿರುವ ಗರ್ಭಿಣಿಯರಿಗೆ ಸ್ಥಳೀಯ ತಾಯಂದಿರೇ ಆಸರೆಯಾದ ಪ್ರಯೋಗದಲ್ಲಿ ಪ್ರಯೋಜನ ಮಿತವಾಗಿತ್ತು. ಗುಂಪುಗಳು ಚಿಕಿತ್ಸೆಯ ಜೊತೆಗಿದ್ದು ಕೆಲಸ ಮಾಡುತ್ತವೆ, ಚಿಕಿತ್ಸೆಯ ಬದಲಿಗಲ್ಲ ಎಂಬುದು ಒಟ್ಟು ಸಾರ.

ಮಿತಿಗಳು

ಹೆಚ್ಚು ಕಾಲ, ಹೆಚ್ಚು ಪ್ರಮಾಣದಲ್ಲಿ ಕುಡಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬರಬಹುದು. ವೈದ್ಯರ ಕಣ್ಗಾವಲಿಲ್ಲದ ಶಿಬಿರ ಅಪಾಯಕಾರಿ. ಮನೋಬಲವೊಂದಿದ್ದರೆ ಮಾತ್ರೆ ಬೇಡವೆಂಬ ಮಾತು ಗುಂಪಿನಲ್ಲಿ ಹರಡಿದರೆ ರೋಗ ಮರುಕಳಿಸುತ್ತದೆ. ಸಾಯುವ ಮಾತಾಡುವವರನ್ನು ಗುಂಪೇ ಸಂಭಾಳಿಸಲು ಹೊರಡಬಾರದು. ದುಃಖವನ್ನೇ ಮತ್ತೆ ಮತ್ತೆ ಹೇಳಿಕೊಂಡು ಉಪಾಯದ ಕಡೆ ಹೊರಳದ ಸಭೆಯಿಂದ ಮನಸ್ಸು ಇನ್ನಷ್ಟು ಕುಗ್ಗಬಹುದು. ಜಾತಿ, ಪಕ್ಷ, ಸಾಲದ ಲೆಕ್ಕಗಳು ಒಳನುಗ್ಗಿದರೆ ನಂಬಿಕೆ ಒಡೆಯುತ್ತದೆ. ಗಂಡಸರು ಕುಡಿತದ ಗುಂಪಿಗೆ ಬಂದಷ್ಟು ಸುಲಭವಾಗಿ ದುಃಖದ ಗುಂಪಿಗೆ ಬರುವುದಿಲ್ಲ. ಕುಡಿಯುವ ಹೆಂಗಸರಿಗೆ ಗುಂಪೇ ಇಲ್ಲ ಎನ್ನುವಷ್ಟು ಕಡಿಮೆ.

ಇದಕ್ಕಿಂತ ಆಳವಾದ ಆಕ್ಷೇಪವೊಂದಿದೆ. ಅನ್ಯಾಯವನ್ನು ಸಹಿಸಲು ಕಲಿಸುವುದು ಭಾವನಿರ್ವಹಣೆಯಲ್ಲ. ಲೈನಿನಲ್ಲಿ ಲೈಂಗಿಕ ಕಿರುಕುಳವಾದರೆ ಅದಕ್ಕೆ 2013ರ ಕಾಯ್ದೆಯಡಿ ಕೆಲಸದ ಸ್ಥಳದಲ್ಲಿ ಆಂತರಿಕ ಸಮಿತಿ ಇರಬೇಕು. ಸಾಲ ವಸೂಲಿಯ ದೌರ್ಜನ್ಯ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಗಂಡನ ಹೊಡೆತಕ್ಕೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಿದೆ. ದೂರು ಕೊಡಲು ಧೈರ್ಯ ತುಂಬುವ ಗುಂಪು ನಿಭಾವಣೆಯ ಎರಡೂ ಬಗೆಗಳನ್ನು ಕಲಿಸುತ್ತದೆ. ತಾಳಿಕೊಳ್ಳಿ ಎಂದಷ್ಟೇ ಹೇಳುವ ಗುಂಪು ಅರ್ಧ ಪಾಠ ಕಲಿಸುತ್ತದೆ.

ಕಾನೂನು ಮತ್ತು ಸರ್ಕಾರಿ ಸೇವೆ

ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ಅಸ್ವಸ್ಥತೆ ಇರುವುದನ್ನು ಗುರುತಿಸಿತು. ಮದ್ಯದ ಸಮಸ್ಯೆ ಇರುವವರಲ್ಲಿ ಸುಮಾರು ಶೇ. 86ರಷ್ಟು ಜನ ಚಿಕಿತ್ಸೆಯಿಂದ ದೂರವಿದ್ದರು. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಸಮಾಜದ ನಡುವೆ ಬದುಕುವುದನ್ನು ಅದು ಹಕ್ಕೆಂದು ಮಾನ್ಯ ಮಾಡಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೆಸರಿಸಿದ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಒಂದು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ಚಿಕಿತ್ಸಾಲಯ, ಚೇತರಿಸಿಕೊಳ್ಳುತ್ತಿರುವವರಿಗಾಗಿ ‘ಮಾನಸಧಾರ’ ಹಗಲು ಆರೈಕೆ ಕೇಂದ್ರಗಳು ಬಂದಿವೆ. ಟೆಲಿ ಮನಸ್ ಸಹಾಯವಾಣಿ 14416 ಅಕ್ಟೋಬರ್ 2022ರಿಂದ ಹಗಲೂ ರಾತ್ರಿ ಕನ್ನಡದಲ್ಲೂ ಉಚಿತವಾಗಿ ದೊರೆಯುತ್ತದೆ.

ಈ ಸೇವೆಗಳಿಗೂ ಊರಿನ ಗುಂಪುಗಳಿಗೂ ನಡುವೆ ಕೊಂಡಿಯಾಗುವವರು ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಬಾಶೆಟ್ಟಿಹಳ್ಳಿಯಂಥ ಕೈಗಾರಿಕಾ ಊರುಗಳಲ್ಲಿ ಈ ಕೊಂಡಿ ಕಾರ್ಖಾನೆಯ ಗೇಟಿನ ಒಳಗೂ ತಲುಪಬೇಕಾಗಿದೆ. ಸಂಬಳ ಕಡಿತವಿಲ್ಲದ ಒಂದು ಗಂಟೆ, ಆಡಳಿತದವರು ಕಾಲಿಡದ ಒಂದು ಕೋಣೆ, ತಿಂಗಳಿಗೊಮ್ಮೆ ಬಂದು ಹೋಗುವ ಆಪ್ತಸಲಹೆಗಾರರು ಇಷ್ಟಿದ್ದರೆ ಗುಂಪು ನಿಲ್ಲುತ್ತದೆ. ಇವುಗಳಲ್ಲಿ ದುಬಾರಿಯಾದದ್ದು ಮೊದಲನೆಯದೊಂದೇ.